ಥಾಮಸ್ ಕಾರ್ಲೈಲನ ಗೃಹಜೀವನ

ಹತ್ತೊಂಬತ್ತನೆಯ ಶತಮಾನದ ಆಂಗ್ಲ ಗದ್ಯಕಾರರಲ್ಲಿ ಥಾಮಸ್ ಕಾರ್ಲೈಲನದು ಅಗ್ರಪಂಕ್ತಿಯ ಹೆಸರು. ಫ್ರಾನ್ಸಿನ ಮಹಾಕ್ರಾಂತಿಯ ಚರಿತ್ರೆ, ವೀರರನ್ನೂ ವೀರಾರಾಧನೆಯನ್ನೂ ಕುರಿತ ಉಪನ್ಯಾಸಗಳು, ಪ್ರಷ್ಯಾದ ಫ್ರೆಡರಿಕ್ ಮಹಾರಾಜನನ್ನು ಕುರಿತ ಆರು ಸಂಪುಟಗಳ ಬೃಹದ್ಗ್ರಂಥ ಇವುಗಳ ಮೂಲಕ ಆತನು ತನ್ನ ಕಾಲದ ಜನರಿಗೆ ಒಬ್ಬ ಆಚಾರ್ಯನಂತೆ ಕಂಡನು. ದುಡಿಮೆಯೇ ಮನುಷ್ಯನ ಧರ್ಮವೆಂದೂ, ಮಾತಿಗಿಂತ ಮೌನವೇ ಮೇಲೆಂದೂ ಆತನು ಜೀವನದುದ್ದಕ್ಕೂ ಸಾರಿದನು. ಕಾಯಕದ ಮಹಿಮೆಯನ್ನು ಎಂಟು ಶತಮಾನಗಳಿಂದ ಕೇಳುತ್ತ ಬಂದ ನಮ್ಮ ನಾಡಿನ ಓದುಗರಿಗೆ ಈ ಬೋಧೆ ಅಪರಿಚಿತವೆನಿಸದು. ಮೌನದ ಹಿರಿಮೆಯನ್ನು ಹೇಳಲು ಮೂವತ್ತು ಸಂಪುಟಗಳು ಬೇಕಾದವಲ್ಲ ಎಂದು ಪರಿಹಾಸ್ಯ ಮಾಡಿದವರೂ ಆ ಕಾಲದಲ್ಲಿ ಇಲ್ಲದಿರಲಿಲ್ಲ. ಆತನ ವಿಚಾರಗಳಲ್ಲಿ ಒಪ್ಪತಕ್ಕವು ಹಲವು. ಕರಿಯ ಜನರ ದಾಸ್ಯವನ್ನು ಕುರಿತು 1849ರಲ್ಲಿ ಪ್ರಕಟಿಸಿದ ಲೇಖನದಂತೆ ಸರ್ವಥಾ ತಿರಸ್ಕರಿಸತಕ್ಕವೂ ಕೆಲವುಂಟು. ಅವುಗಳ ವಿಚಾರಣೆ ಇಲ್ಲಿ ಪ್ರಸ್ತುತವಲ್ಲ. ಆ ಗ್ರಂಥಗಳು ಹುಟ್ಟಿದ ಮನೆ ಎಂತಹದು, ಅಲ್ಲಿ ದಿನಗಳು ಹೇಗೆ ಸಾಗಿದವು, ಆ ಸಂಪುಟಗಳ ಭಾರವನ್ನು ಯಾರು ಯಾರು ಹೊತ್ತರು ಎಂಬಷ್ಟನ್ನೇ ಇಲ್ಲಿ ನೋಡಬಹುದು.

ಕಾರ್ಲೈಲ್ ಹುಟ್ಟಿದ್ದು 1795ರ ಡಿಸೆಂಬರ್ 4ರಂದು, ಸ್ಕಾಟ್ಲೆಂಡಿನ ಎಕಲ್ಫೆಕನ್ ಎಂಬ ಹಳ್ಳಿಯಲ್ಲಿ. ತಂದೆ ಕಲ್ಲುಕಟ್ಟುವ ಕೆಲಸದವನು, ದೈವಭೀರು, ಮಿತಭಾಷಿ. ಹದಿನಾಲ್ಕು ವರ್ಷ ತುಂಬುವ ಮೊದಲೇ, 1809ರಲ್ಲಿ, ಬಾಲಕನು ಸುಮಾರು ನೂರು ಮೈಲಿ ದಾರಿಯನ್ನು ಕಾಲ್ನಡಿಗೆಯಲ್ಲಿ ಕ್ರಮಿಸಿ ಎಡಿನ್‌ಬರೊ ವಿಶ್ವವಿದ್ಯಾಲಯವನ್ನು ಸೇರಿದನು. ಪಾದ್ರಿಯಾಗಬೇಕೆಂಬ ತಾಯಿತಂದೆಗಳ ಆಸೆ ಕೈಗೂಡಲಿಲ್ಲ. ಕೆಲಕಾಲ ಶಾಲಾಮಾಸ್ತರನಾಗಿದ್ದನು, ಆ ವೃತ್ತಿ ಆತನಿಗೆ ಹಿಡಿಸಲಿಲ್ಲ. ತಾರುಣ್ಯದಲ್ಲಿಯೇ ಅಂಟಿಕೊಂಡ ಅಜೀರ್ಣವ್ಯಾಧಿಯೊಂದು ಮಾತ್ರ ಕೊನೆಯವರೆಗೂ ಆತನನ್ನು ಬಿಡಲಿಲ್ಲ. ಹೊಟ್ಟೆ ಕೆಟ್ಟರೆ ನಿದ್ರೆ ಇಲ್ಲ, ನಿದ್ರೆ ಕೆಟ್ಟರೆ ಬರಹ ಇಲ್ಲ, ಬರಹ ನಿಂತರೆ ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲ ಎಂಬಂತಹ ಸ್ಥಿತಿ.

ಆತನ ಕೈಹಿಡಿದ ಜೇನ್ ಬೇಲಿ ವೆಲ್ಶ್ ಹ್ಯಾಡಿಂಗ್ಟನ್ ಪಟ್ಟಣದ ಹೆಸರಾಂತ ವೈದ್ಯನ ಒಬ್ಬಳೇ ಮಗಳು. 1801ರಲ್ಲಿ ಜನಿಸಿದವಳು, ಬುದ್ಧಿವಂತೆ, ಚತುರಭಾಷಿಣಿ, ಮುದ್ದಿನಲ್ಲಿ ಬೆಳೆದವಳು, ಬಾಲ್ಯದಲ್ಲಿ ಹಟಮಾಡಿ ಲ್ಯಾಟಿನ್ ಕಲಿತವಳು. 1826ರ ಅಕ್ಟೋಬರ್ 17ರಂದು ಅವರ ವಿವಾಹವಾಯಿತು. ಒಂದೂವರೆ ವರ್ಷ ಎಡಿನ್‌ಬರೊದಲ್ಲಿ ಇದ್ದು, ಆದಾಯ ಸಾಲದೆ ಬಂದಾಗ, 1828ರಲ್ಲಿ ದಂಪತಿಗಳು ಜೇನಳ ಮನೆತನಕ್ಕೆ ಸೇರಿದ ಕ್ರೇಗನ್‌ಪಟಕ್ ಎಂಬ ಒಂಟಿ ಹೊಲಮನೆಗೆ ಹೋಗಿ ನೆಲಸಿದರು. ಸುತ್ತ ಮೈಲಿಗಟ್ಟಲೆ ಬರಿಯ ಬೀಳುನೆಲ, ಕೆಸರು, ಮಳೆ, ಗಾಳಿ. ಡಂಫ್ರೀಸ್ ಪೇಟೆ ಹದಿನಾರು ಮೈಲಿ ದೂರ. ಕಾರ್ಲೈಲನಿಗೆ ಆ ಏಕಾಂತ ಬೇಕಾಗಿತ್ತು. ಸಾರ್ಟರ್ ರಿಸಾರ್ಟಸ್ ಎಂಬ ಆತನ ವಿಲಕ್ಷಣ ಗ್ರಂಥ ಅಲ್ಲಿಯೇ ಸಿದ್ಧವಾಯಿತು. ಜೇನಳಿಗೆ ಬೇಕಾಗಿದ್ದಿತೇ ಎಂದು ಯಾರೂ ಕೇಳಿದಂತೆ ತೋರುವುದಿಲ್ಲ.

ಪೇಟೆಯಿಂದ ತರಿಸಿದ ರೊಟ್ಟಿ ಕಾರ್ಲೈಲನ ಹೊಟ್ಟೆಗೆ ಒಗ್ಗಲಿಲ್ಲ. ಆದುದರಿಂದ ರೊಟ್ಟಿ ಸುಡುವ ಕೆಲಸ ಜೇನಳ ಪಾಲಿಗೆ ಬಂದಿತು. ಆಕೆಗೆ ಅಡಿಗೆಯ ಅಭ್ಯಾಸವೇ ಇರಲಿಲ್ಲ. ಕಾಬೆಟ್ ಎಂಬಾತನು ಬರೆದ ಗೃಹಕೃತ್ಯದ ಪುಸ್ತಕವನ್ನು ತರಿಸಿಕೊಂಡು, ಹಿಟ್ಟು ಹುದುಗುವ ಕ್ರಮವನ್ನೂ ಒಲೆಯ ಶಾಖದ ಕ್ರಮವನ್ನೂ ತಿಳಿಯದೆ ಆಕೆ ಮೊದಲ ರೊಟ್ಟಿಗೆ ಕೈಯಿಟ್ಟಳು. ಮಲಗುವ ಹೊತ್ತಿಗೆ ಒಲೆಯೊಳಗಿಟ್ಟದ್ದು ಒಂದು ಗಂಟೆಯಾದರೂ ಬೇಯಲಿಲ್ಲ, ಎರಡಾದರೂ ಬೇಯಲಿಲ್ಲ. ಮನೆಯವರೆಲ್ಲ ಗಾಢನಿದ್ರೆಯಲ್ಲಿದ್ದರು. ಆ ನಡುರಾತ್ರಿಯಲ್ಲಿ ಒಬ್ಬಳೇ ಕುಳಿತು ದಣಿವಿನಿಂದಲೂ ಅವಮಾನದಿಂದಲೂ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಆಗ ಇಟಲಿಯ ಶಿಲ್ಪಿ ಚೆಲೀನಿ ತನ್ನ ಪರ್ಸಿಯಸ್ ವಿಗ್ರಹ ಎರಕಕ್ಕೆ ಇಳಿಯುವುದನ್ನು ಕಾಯುತ್ತ ರಾತ್ರಿಯೆಲ್ಲ ಕುಲುಮೆಯ ಬಳಿ ಕುಳಿತಿದ್ದ ವೃತ್ತಾಂತ ಆಕೆಯ ನೆನಪಿಗೆ ಬಂದಿತು. ದೇವತೆಗಳ ಕಣ್ಣಿಗೆ ವಿಗ್ರಹಕ್ಕೂ ರೊಟ್ಟಿಗೂ ಅಂತಹ ದೊಡ್ಡ ಭೇದವೇನಿದ್ದೀತು, ಕೈಗೆ ಬಂದ ಕೆಲಸವನ್ನು ಮನಸ್ಸಿಟ್ಟು ಮಾಡುವುದರಲ್ಲಿ ಇಬ್ಬರೂ ಸಮಾನರಲ್ಲವೇ ಎಂಬ ವಿಚಾರ ಹೊಳೆದು ಆಕೆ ಸಮಾಧಾನ ತಂದುಕೊಂಡಳು. ಈ ಪ್ರಸಂಗವನ್ನು ಆಕೆ ಎಷ್ಟೋ ವರ್ಷಗಳ ಅನಂತರ, 1857ರಲ್ಲಿ, ಪರಿಚಯದ ಹೆಣ್ಣುಮಗಳೊಬ್ಬಳಿಗೆ ಕಾಗದದಲ್ಲಿ ತಿಳಿಸಿದಳು. ದುಡಿಮೆಯ ಧರ್ಮವನ್ನು ಕುರಿತು ಪತಿಯು ಬರೆದ ಎಷ್ಟೋ ಪುಟಗಳಿಗಿಂತ ಈ ಒಂದು ಕಾಗದ ತೂಕದ್ದೆಂದರೆ ಅತಿಶಯೋಕ್ತಿಯಾಗಲಾರದು.

1834ರ ಜೂನ್ ತಿಂಗಳಲ್ಲಿ ಅವರು ಲಂಡನ್ನಿಗೆ ಬಂದು ಚೆಲ್ಸೀ ಭಾಗದ ಚೇನೀ ರೋ ಬೀದಿಯಲ್ಲಿ ಮನೆ ಹಿಡಿದರು. 1708ರಲ್ಲಿ ಕಟ್ಟಿದ ಇಟ್ಟಿಗೆಯ ಮನೆ. ವರ್ಷಕ್ಕೆ 35 ಪೌಂಡು ಬಾಡಿಗೆ. ಥೇಮ್ಸ್ ನದಿ ಅಲ್ಲಿಂದ ಕೂಗಳತೆಯ ದೂರ. ಇಬ್ಬರೂ ತಮ್ಮ ಕೊನೆಯವರೆಗೆ ಈ ಮನೆಯಲ್ಲಿಯೇ ಬಾಳಿದರು. ನೆಲದ ಕೆಳಗೆ ಅಡಿಗೆಮನೆ. ನೀರಿಗೆ ಅಲ್ಲಿಯೇ ಕೈಪಂಪು. ನಗರದ ಕೊಳಾಯಿ ನೀರು ಮನೆಗೆ ಬಂದದ್ದು 1852ರಲ್ಲಿ. ಕೆಲಸದಾಳು ಒಬ್ಬಳೇ. ಆಕೆ ಮಲಗುವುದೂ ಆ ಅಡಿಗೆಮನೆಯಲ್ಲಿಯೇ. ರಾತ್ರಿ ಒಮ್ಮೊಮ್ಮೆ ಕಾರ್ಲೈಲ್ ತಂಬಾಕಿನ ಕೊಳವೆಯನ್ನು ಹಿಡಿದು ಅಲ್ಲಿಗೆ ಇಳಿದು, ಹೊಗೆ ಮೇಲಿನ ಕೋಣೆಗಳಿಗೆ ಹರಡದಂತೆ ಒಲೆಯ ಬಾಯಿಗೆ ಊದುತ್ತ ಕುಳಿತುಕೊಳ್ಳುವನು. ಕವಿ ಟೆನಿಸನ್ ಬಂದರೆ ಜೊತೆಗೆ ಅವನೂ. ಮಹಾಕವಿಯೂ ಮಹಾಲೇಖಕನೂ ಧೂಮಪಾನ ಮುಗಿಸಿ ಎದ್ದು ಹೋಗುವವರೆಗೆ ದಿನವೆಲ್ಲ ದುಡಿದ ಆ ಹುಡುಗಿ ಪಕ್ಕದ ಕತ್ತಲ ಕೋಣೆಯಲ್ಲಿ ತೂಕಡಿಸುತ್ತ ಕಾದಿರಬೇಕು. ಮೂವತ್ತೆರಡು ವರ್ಷಗಳಲ್ಲಿ ಆ ಮನೆಗೆ ಮೂವತ್ತಕ್ಕಿಂತ ಹೆಚ್ಚು ಕೆಲಸದವರು ಬಂದುಹೋದರೆಂಬುದರಲ್ಲಿ ಆಶ್ಚರ್ಯವೇನು? ಹೆಲೆನ್ ಎಂಬ ಸ್ಕಾಟ್ಲೆಂಡಿನ ಹೆಣ್ಣು ಮಾತ್ರ ಹಲವು ವರ್ಷ ನಿಂತಳು. ನಿಷ್ಠೆಯುಳ್ಳವಳು, ಆದರೆ ಕುಡಿತದ ಚಟ ಆಕೆಯನ್ನು ಹಾಳುಮಾಡಿತು.

ನೆರೆಯಲ್ಲಿಯೇ ಲೀ ಹಂಟ್ ಎಂಬ ಸಾಹಿತಿಯ ಸಂಸಾರವಿತ್ತು. ಸ್ನೇಹವೇನೋ ಒಳ್ಳೆಯದೇ. ಆದರೆ ಹಂಟನ ಹೆಂಡತಿಯಿಂದ ದಿನಬೆಳಗಾದರೆ ಒಂದಲ್ಲ ಒಂದು ಕಡ. ಚಹದ ಬಟ್ಟಲು, ಲೋಟ, ಬೆಳ್ಳಿಯ ಚಮಚ, ಇಸ್ತ್ರಿಪೆಟ್ಟಿಗೆ, ಕೊನೆಗೆ ಒಲೆಯ ಮುಂದಿನ ಹಿತ್ತಾಳೆಯ ತಡೆಕಟ್ಟು ಕೂಡ ಹೋಯಿತು. ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲು ಜೇನ್ ಪಟ್ಟ ಪಾಡನ್ನು ಆಕೆಯ ಕಾಗದಗಳಲ್ಲಿ ಓದಿದರೆ ನಗು ಬರುತ್ತದೆ. ತಿಗಣೆಗಳ ಮೇಲೆ ಆಕೆ ಸಾರಿದ ಯುದ್ಧದ ವರ್ಣನೆಯೂ ಹಾಗೆಯೇ. ಫ್ರೆಡರಿಕ್ ಮಹಾರಾಜನ ದಂಡಯಾತ್ರೆಗಳಿಗೆ ಅದು ಕಡಿಮೆಯದಲ್ಲ.

ಈ ಮನೆಗೆ ಬಂದ ಮೊದಲ ವರ್ಷವೇ ಬಂದೊದಗಿದ ಅನಾಹುತ ಸಾಹಿತ್ಯಲೋಕಕ್ಕೆಲ್ಲ ತಿಳಿದಿದೆ. ಫ್ರಾನ್ಸಿನ ಕ್ರಾಂತಿಯ ಚರಿತ್ರೆಯ ಮೊದಲ ಸಂಪುಟವನ್ನು ತಿಂಗಳುಗಟ್ಟಲೆ ಶ್ರಮಿಸಿ ಮುಗಿಸಿದ ಕಾರ್ಲೈಲ್ ಅದರ ಹಸ್ತಪ್ರತಿಯನ್ನು ತತ್ತ್ವಜ್ಞನಾದ ಮಿತ್ರ ಜಾನ್ ಸ್ಟುವರ್ಟ್ ಮಿಲ್ಲನಿಗೆ ಓದಲು ಕೊಟ್ಟಿದ್ದನು. 1835ರ ಮಾರ್ಚ್ 6ರ ಸಂಜೆ ಮಿಲ್ ಬಿಳಿಚಿಕೊಂಡ ಮುಖದಿಂದ ಬಾಗಿಲಲ್ಲಿ ನಿಂತನು. ಕೆಲವು ಹಾಳೆಗಳ ಹೊರತು ಹಸ್ತಪ್ರತಿಯೆಲ್ಲ ಬೂದಿಯಾಗಿತ್ತು; ಕೆಲಸದವಳು ಅದನ್ನು ರದ್ದಿ ಕಾಗದವೆಂದು ಭಾವಿಸಿ ಬೆಂಕಿಗೆ ಹಾಕಿದ್ದಳೆಂದು ಮಿಲ್ ತಿಳಿಸಿದನು. ನಕಲು ಇರಲಿಲ್ಲ, ಬರೆದು ಮುಗಿಸಿದ ಭಾಗದ ಟಿಪ್ಪಣಿಗಳನ್ನೂ ಕಾರ್ಲೈಲ್ ಉಳಿಸಿಕೊಂಡಿರಲಿಲ್ಲ. ಮಿಲ್ ಅಂದು ಬಹಳ ಹೊತ್ತು ಕುಳಿತನು. ಕಳೆದುಕೊಂಡ ದಂಪತಿಗಳೇ ಕಳೆದವನನ್ನು ಸಂತೈಸಬೇಕಾಯಿತು. ಆತನು ಹೋದ ಮೇಲೆ ಕಾರ್ಲೈಲ್ ಪತ್ನಿಗೆ ಹೇಳಿದ ಮೊದಲ ಮಾತು, ಈ ನಷ್ಟ ಎಷ್ಟು ದೊಡ್ಡದೆಂಬುದು ಪಾಪ ಮಿಲ್ಲನಿಗೆ ತಿಳಿಯದಂತೆ ನೋಡಿಕೊಳ್ಳಬೇಕೆಂಬುದೇ ಆಗಿತ್ತು. ಸಣ್ಣ ಸಣ್ಣ ತೊಂದರೆಗಳಿಗೆ ಮನೆಯನ್ನೇ ತಲೆಕೆಳಗು ಮಾಡುತ್ತಿದ್ದವನು ಇಂತಹ ದೊಡ್ಡ ಆಘಾತವನ್ನು ಇಷ್ಟು ಉದಾತ್ತನಾಗಿ ಸಹಿಸಿದ್ದು ಆತನ ಸ್ವಭಾವದ ಒಂದು ವಿಚಿತ್ರ. ಮಿಲ್ ಕೊಡಬಂದ 200 ಪೌಂಡುಗಳಲ್ಲಿ 100 ಪೌಂಡುಗಳನ್ನಷ್ಟೇ ಆತನು ಸ್ವೀಕರಿಸಿದನು. ಹೊಸ ಕಾಗದ ತರಿಸಿ ಮತ್ತೆ ಕುಳಿತನು. ಲೇಖನಿ ಸಾಗದಾದಾಗ ಕೆಲವು ವಾರ ಹಗುರವಾದ ಕಾದಂಬರಿಗಳನ್ನು ಓದಿ ಕಾಲ ಕಳೆದನು. ಪುನಃ ಹಿಡಿದು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆ ಸಂಪುಟವನ್ನು ಎರಡನೆಯ ಸಲ ಮುಗಿಸಿದನು. ಇಡೀ ಗ್ರಂಥ 1837ರಲ್ಲಿ ಪ್ರಕಟವಾಗಿ ಆತನಿಗೆ ಕೀರ್ತಿ ತಂದಿತು.

ಕೀರ್ತಿ ಬಂದಿತು, ಶಾಂತಿ ಬರಲಿಲ್ಲ. ಕಾರ್ಲೈಲನ ಕಿವಿ ಅತಿ ಸೂಕ್ಷ್ಮ. ಪಕ್ಕದ ಮನೆಯ ತರುಣಿ ಪಿಯಾನೋ ಕಲಿಯತೊಡಗಿದರೆ ಇಲ್ಲಿ ಲೇಖನಿ ನಿಲ್ಲುವುದು. ಬೀದಿಯಲ್ಲಿ ವಾದ್ಯ ನುಡಿಸುವವನು ಬಂದರೆ ಸಿಟ್ಟು. ಎಲ್ಲಕ್ಕೂ ಮಿಗಿಲಾಗಿ ನೆರೆಹೊರೆಯ ಹುಂಜಗಳು. ನಸುಕಿನಲ್ಲಿ ಕೂಗುವ ಆ ಪಕ್ಷಿಗಳನ್ನು ಆತನು ಸಾಕ್ಷಾತ್ ಪಿಶಾಚಿಗಳೆಂದೇ ಎಣಿಸಿದನು. ಅವು ಕೂಗಿದಾಗ ಉಂಟಾಗುವ ಬಾಧೆಗಿಂತ, ಇನ್ನೇನು ಕೂಗಿಯಾವೆಂದು ಕಾಯುವುದರ ಬಾಧೆಯೇ ಆತನಿಗೆ ಹೆಚ್ಚು. ಈ ಎಲ್ಲ ಪ್ರಕರಣಗಳಲ್ಲಿಯೂ ರಾಯಭಾರ ಜೇನಳದು. ನೆರೆಯವರ ಮನೆಗೆ ಹೋಗಿ, ನಯವಾಗಿ ಮಾತಾಡಿ, ಕಾಗದ ಬರೆದು, ಬೇಕಾದಲ್ಲಿ ಹಣ ಕೊಟ್ಟು ಆಕೆ ಹುಂಜಗಳನ್ನು ಸಾಗಿಸುವಳು. ಪಿಯಾನೋಕ್ಕೆ ವೇಳೆ ಗೊತ್ತುಮಾಡಿಸುವಳು. ಒಂದು ಕೋಳಿಗೂಡು ಖಾಲಿಯಾಗುವಷ್ಟರಲ್ಲಿ ಇನ್ನೊಂದು ಹಿತ್ತಲಲ್ಲಿ ಗಿಳಿಯೊಂದು ಕಿರುಚತೊಡಗುವುದು.

ಕೊನೆಗೆ 1853ರಲ್ಲಿ ಕಾರ್ಲೈಲ್ ಮನೆಯ ನೆತ್ತಿಯ ಮೇಲೆ ಶಬ್ದ ಹೊಗದ ಕೋಣೆಯೊಂದನ್ನು ಕಟ್ಟಿಸಲು ನಿಶ್ಚಯಿಸಿದನು. ಅದಕ್ಕಾಗಿ ಸುಮಾರು 170 ಪೌಂಡು ವೆಚ್ಚ. ಎಂದರೆ ಐದು ವರ್ಷದ ಬಾಡಿಗೆಗೆ ಸಮೀಪ. ಜೋಡಿ ಗೋಡೆಗಳು, ನಡುವೆ ಗಾಳಿಯ ತೆರಪು, ಪಕ್ಕದಲ್ಲಿ ಬೆಳಕಿಗೆ ಕಿಟಕಿಯಿಲ್ಲದೆ ಮೇಲಿನಿಂದ ಗಾಜಿನ ಬೆಳಕಂಡಿ. ಕೆಲಸ ನಡೆದ ತಿಂಗಳುಗಳಲ್ಲಿ ಮನೆಯೆಲ್ಲ ಸುಣ್ಣ, ಧೂಳು, ಬಡಿತ. ಸಾಧ್ಯವಾದಾಗಲೆಲ್ಲ ಕಾರ್ಲೈಲ್ ಮನೆ ಬಿಟ್ಟು ದೂರ ಉಳಿದನು. ಮನೆಯ ದುರಸ್ತಿಯ ಕಾಲದಲ್ಲೆಲ್ಲ ಇದು ಆತನ ರೂಢಿ. ಜೇನ್ ಮಾತ್ರ ಕೆಲಸಗಾರರ ನಡುವೆ ನಿಂತಳು. ಅವರಲ್ಲೊಬ್ಬನು ಚಾವಣಿಯ ಗಾರೆಯನ್ನು ಒಡೆದುಕೊಂಡು ಆಕೆಯ ಸಮೀಪಕ್ಕೇ ಬಿದ್ದದ್ದೂ ಉಂಟು. ಇಷ್ಟಾಗಿಯೂ ಕೋಣೆ ಸಿದ್ಧವಾದಾಗ ಫಲ ವಿಪರೀತ. ಹತ್ತಿರದ ಸದ್ದುಗಳೇನೋ ಮಂದವಾದವು. ಆದರೆ ದೂರದ ಗಂಟೆಗಳು, ನದಿಯ ಹಡಗುಗಳು, ರೈಲಿನ ಶೀಟಿಗಳು ಹಿಂದೆ ಕೇಳದವು ಈಗ ಕೇಳತೊಡಗಿದವು. ಬೇಸಗೆಯಲ್ಲಿ ಅಲ್ಲಿ ಸೆಕೆ, ಚಳಿಗಾಲದಲ್ಲಿ ಶೈತ್ಯ. ಆದರೂ ಹನ್ನೆರಡು ವರ್ಷ ಆತನು ಅದೇ ಕೋಣೆಯಲ್ಲಿ ಫ್ರೆಡರಿಕನೊಡನೆ ಹೆಣಗಿದನು. ಬೆಳಗಿನಿಂದ ಮಧ್ಯಾಹ್ನ ಕಳೆಯುವವರೆಗೆ ಬರಹ. ಅನಂತರ ಫ್ರಿಟ್ಸ್ ಎಂಬ ಕುದುರೆಯನ್ನೇರಿ ಒಬ್ಬನೇ ಸವಾರಿ. ರಾತ್ರಿ ಮತ್ತೆ ಓದು. ಪತ್ನಿಗೆ ದೊರೆಯುತ್ತಿದ್ದುದು ನಡುವಿನ ಅಲ್ಪಕಾಲ. ಆಗಲೂ ಪ್ರಷ್ಯಾದ ಯುದ್ಧಗಳದೇ ಮಾತು. ಮಕ್ಕಳಿಲ್ಲದ ಆ ಮನೆಯಲ್ಲಿ ಜೇನಳಿಗೆ ಸಂಗಾತಿಯಾದದ್ದು 1849ರಲ್ಲಿ ಬಂದ ನೀರೋ ಎಂಬ ಪುಟ್ಟ ನಾಯಿ. ಹತ್ತು ವರ್ಷ ಬದುಕಿ, ಗಾಡಿಯ ಚಕ್ರಕ್ಕೆ ಸಿಕ್ಕು ನರಳಿ, 1860ರಲ್ಲಿ ಅದು ಸತ್ತಾಗ ಹಿತ್ತಿಲಿನಲ್ಲಿ ಹೂಳಿ ಕಲ್ಲು ನೆಡಿಸಿದಳು.

ಆಕೆಯ ವಿನೋದಶಕ್ತಿ ಅಸಾಮಾನ್ಯವಾದದ್ದು. ಮನೆಯ ಖರ್ಚಿಗೆ ಪತಿ ಕೊಡುತ್ತಿದ್ದ ಹಣ ಸಾಲದಾಯಿತು. ನೀರಿನ ತೆರಿಗೆ ಹೊಸದಾಗಿ ಬಂದಿತ್ತು, ಕ್ರಿಮಿಯಾ ಯುದ್ಧದ ಕಾಲದಲ್ಲಿ ಬೆಲೆಗಳೂ ಏರಿದ್ದವು. ಕೇಳಿದಾಗಲೆಲ್ಲ ಕಾರ್ಲೈಲ್ ಗೊಣಗುವನು. 1855ರ ಫೆಬ್ರುವರಿಯಲ್ಲಿ ಆಕೆ ಪಾರ್ಲಿಮೆಂಟಿನ ಅರ್ಥಮಂತ್ರಿಯ ಮುಂಗಡಪತ್ರದ ಧಾಟಿಯಲ್ಲಿ ಒಂದು ದೀರ್ಘ ಮನವಿಯನ್ನು ಬರೆದು, ಬಾಬುವಾರು ಲೆಕ್ಕ ಒಪ್ಪಿಸಿ, ವರ್ಷಕ್ಕೆ 29 ಪೌಂಡು ಹೆಚ್ಚಳ ಬೇಕೆಂದು ತೋರಿಸಿ, ಆತನ ಮೇಜಿನ ಮೇಲೆ ಇಟ್ಟಳು. ತೋಟದಿಂದ ಒಳಗೆ ಬಂದ ಕಾರ್ಲೈಲ್ ಅದನ್ನು ಓದಿ ಹೊಟ್ಟೆ ಹುಣ್ಣಾಗುವಂತೆ ನಕ್ಕು, ಕೇಳಿದ್ದನ್ನು ಕೂಡಲೇ ಮಂಜೂರು ಮಾಡಿದನು. ಅದೇ ವರ್ಷದ ನವೆಂಬರಿನಲ್ಲಿ ವರಮಾನ ತೆರಿಗೆಯ ಅಧಿಕಾರಿಗಳ ಮುಂದೆ ಹಾಜರಾಗಿ ಗ್ರಂಥಕರ್ತನ ಆದಾಯವನ್ನು ವಿವರಿಸಿದವಳೂ ಆಕೆಯೇ, ಆತನು ಹೋಗಲಿಲ್ಲ.

ನಗುವಿನ ಈ ಕಾಗದಗಳನ್ನು ಓದಿದ ಮಿತ್ರರಿಗೆ ತಿಳಿಯದ ಇನ್ನೊಂದು ಬರಹ ಆಕೆಯ ಬಳಿ ಇತ್ತು. 1855ರ ಅಕ್ಟೋಬರಿನಿಂದ 1856ರ ಜುಲೈವರೆಗೆ ಆಕೆ ಗುಪ್ತವಾಗಿ ಒಂದು ದಿನಚರಿಯನ್ನು ಬರೆದಳು. ಆ ಕಾಲದಲ್ಲಿ ಕಾರ್ಲೈಲ್ ಲೇಡಿ ಆಶ್‌ಬರ್ಟನ್ ಎಂಬ ಸಿರಿವಂತ ಮಹಿಳೆಯ ಗೋಷ್ಠಿಗೆ ಪದೇ ಪದೇ ಹೋಗುತ್ತಿದ್ದನು. ಆ ಸ್ನೇಹದಲ್ಲಿ ದೋಷವೇನೂ ಇರಲಿಲ್ಲ. ಆದರೆ ಮನೆಯಲ್ಲಿ ಬೇಸರವನ್ನೂ ಗೊಣಗಾಟವನ್ನೂ ಮಾತ್ರ ತೋರುವ ಗಂಡನು ತನ್ನ ಒಳ್ಳೆಯ ಮಾತುಗಳನ್ನೆಲ್ಲ ಇನ್ನೊಂದು ಮನೆಗೆ ಒಯ್ಯುವುದನ್ನು ಕಂಡು ಯಾವ ಹೆಂಡತಿ ಸುಖವಾಗಿದ್ದಾಳು? ನಿದ್ರೆಯಿಲ್ಲದ ರಾತ್ರಿಗಳು, ತಲೆನೋವು, ಒಂಟಿತನ ಇವೆಲ್ಲ ಆ ದಿನಚರಿಯಲ್ಲಿ ದಾಖಲಾದವು. ಕಾರ್ಲೈಲ್ ಕ್ರೂರಿಯಲ್ಲ. ಪತ್ನಿಯ ಮೇಲೆ ಆತನಿಗೆ ನಿಜವಾದ ಪ್ರೀತಿಯಿತ್ತು. ಊರಿನಲ್ಲಿ ಇಲ್ಲದಾಗ ಆತನು ಬರೆದ ಕಾಗದಗಳೆಲ್ಲ ಅಂತಃಕರಣದಿಂದ ತುಂಬಿವೆ. ಜೊತೆಯಲ್ಲಿರುವಾಗ ಮಾತ್ರ ಆತನ ಕಣ್ಣು ಪುಸ್ತಕದ ಆಚೆಗೆ ಹಾಯುತ್ತಿರಲಿಲ್ಲ.

1863ರಲ್ಲಿ ಜೇನ್ ಬೀದಿಯಲ್ಲಿ ಬಿದ್ದು ಪೆಟ್ಟಾಗಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಳು. ಸಾವು ಹತ್ತಿರ ಬಂದು ಹಿಂದಿರುಗಿದಂತಾಯಿತು. ಆಗ ಕಾರ್ಲೈಲ್ ಎಚ್ಚತ್ತು, ಆಕೆಯ ಓಡಾಟಕ್ಕೆಂದು ಒಂದು ಕುದುರೆಗಾಡಿಯನ್ನು ಕೊಂಡುಕೊಟ್ಟನು. 1865ರ ಜನವರಿಯಲ್ಲಿ ಫ್ರೆಡರಿಕನ ಚರಿತ್ರೆ ಮುಗಿಯಿತು. ಮನೆಗೆ ಬಿಡುವು ಬಂದಿತೆನ್ನುವಷ್ಟರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಆತನನ್ನು ರೆಕ್ಟರ್ ಪದವಿಗೆ ಆರಿಸಿದರು. ಬಾಲ್ಯದಲ್ಲಿ ಕಾಲ್ನಡಿಗೆಯಿಂದ ಹೋಗಿ ಸೇರಿದ ವಿದ್ಯಾಪೀಠದಲ್ಲಿ 1866ರ ಏಪ್ರಿಲ್ 2ರಂದು ಆತನು ಮಾಡಿದ ಭಾಷಣ ಅಭೂತಪೂರ್ವ ಜಯವನ್ನು ಪಡೆಯಿತು. ಲಂಡನ್ನಿನಲ್ಲಿಯೇ ಉಳಿದಿದ್ದ ಜೇನ್ ತಂತಿವಾರ್ತೆಯಿಂದ ಅದನ್ನು ತಿಳಿದು ಹಿಗ್ಗಿದಳು. ಕಾಲು ಉಳುಕಿದ ಕಾರಣ ಕಾರ್ಲೈಲ್ ಸ್ಕಾಟ್ಲೆಂಡಿನಲ್ಲಿ ಇನ್ನೂ ಕೆಲವು ದಿನ ನಿಂತನು.

ಏಪ್ರಿಲ್ 21ರ ಶನಿವಾರ ಮಧ್ಯಾಹ್ನ ಜೇನ್ ಗಾಡಿಯಲ್ಲಿ ಹೈಡ್ ಪಾರ್ಕಿಗೆ ಹೋದಳು. ಸಂಜೆ ಮಿತ್ರರನ್ನು ಚಹಕ್ಕೆ ಕರೆದಿದ್ದಳು. ಜೊತೆಗೊಯ್ದ ನಾಯಿಯನ್ನು ಓಡಾಡಲು ಕೆಳಗೆ ಬಿಟ್ಟಾಗ ಬೇರೊಂದು ಗಾಡಿ ಅದಕ್ಕೆ ತಾಗಿತು. ಆಕೆ ಇಳಿದು, ಅಷ್ಟಾಗಿ ಪೆಟ್ಟಾಗದ ಅದನ್ನು ಎತ್ತಿಕೊಂಡು ಮತ್ತೆ ಒಳಗೆ ಕುಳಿತಳು. ಗಾಡಿ ಹೊಡೆಯುವವನು ಉದ್ಯಾನವನ್ನು ಸುತ್ತು ಹಾಕಿ, ಒಳಗಿನಿಂದ ಅಪ್ಪಣೆಯೇನೂ ಬಾರದಿರಲು ಶಂಕೆಗೊಂಡು ನೋಡುವಾಗ ಆಕೆಯ ಪ್ರಾಣ ಹೋಗಿತ್ತು. ಡಂಫ್ರೀಸಿನಲ್ಲಿ ತಂಗಿಯ ಮನೆಯಲ್ಲಿದ್ದ ಕಾರ್ಲೈಲನಿಗೆ ತಂತಿ ಮುಟ್ಟಿತು. ಅಂದು ಬೆಳಿಗ್ಗೆ ಆಕೆ ಬರೆದು ಹಾಕಿದ್ದ ಕಾಗದ ಆತನ ಕೈಸೇರಿದ್ದು ಅದರ ಅನಂತರ. ಆಕೆಯ ಇಚ್ಛೆಯಂತೆ ಹ್ಯಾಡಿಂಗ್ಟನ್ನಿನಲ್ಲಿ ತಂದೆಯ ಸಮಾಧಿಯಲ್ಲಿಯೇ ಆಕೆಯನ್ನಿರಿಸಲಾಯಿತು.

ಬರಿದಾದ ಮನೆಗೆ ಹಿಂದಿರುಗಿ ಕಾರ್ಲೈಲ್ ಆಕೆಯ ಪೆಟ್ಟಿಗೆಗಳನ್ನು ತೆರೆದನು. ಕಾಗದಗಳು ದೊರೆತವು; ದಿನಚರಿಯೂ ದೊರೆಯಿತು. ನಾಲ್ವತ್ತು ವರ್ಷ ಒಂದೇ ಸೂರಿನಡಿಯಲ್ಲಿ ಬಾಳಿದ ಹೆಂಡತಿಯ ಅಂತರಂಗವನ್ನು ಆತನು ಎಪ್ಪತ್ತನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಓದಿದನು. ಒಂದೊಂದು ಕಾಗದಕ್ಕೂ ತೇದಿ ಹುಡುಕಿ, ಸಂದರ್ಭ ಬರೆದು, ತನ್ನ ತಪ್ಪು ಕಂಡಲ್ಲಿ ಅದನ್ನು ಮುಚ್ಚದೆ ಟಿಪ್ಪಣಿ ಹಾಕಿದನು. ಆ ಟಿಪ್ಪಣಿಗಳಲ್ಲಿ ಹುಂಜಗಳ ರಾಯಭಾರವೂ ಬಂದಿದೆ, ಮುಂಗಡಪತ್ರವೂ ಬಂದಿದೆ. ಇನ್ನು ಮುಂದೆ ಆತನು ಯಾವ ದೊಡ್ಡ ಗ್ರಂಥವನ್ನೂ ಬರೆಯಲಿಲ್ಲ. ಬಲಗೈ ನಡುಗತೊಡಗಿ ಲೇಖನಿ ಹಿಡಿಯುವುದೂ ದುಸ್ತರವಾಯಿತು. 1871ರಲ್ಲಿ ಆ ಕಾಗದಗಳ ಕಟ್ಟನ್ನು ಚರಿತ್ರಕಾರನಾದ ಮಿತ್ರ ಫ್ರೂಡನಿಗೆ ಒಪ್ಪಿಸಿ, ಪ್ರಕಟಣೆಯ ನಿರ್ಣಯವನ್ನು ಅವನಿಗೇ ಬಿಟ್ಟನು. ತನ್ನ ಕೀರ್ತಿಗೆ ಕುಂದು ತರಬಲ್ಲ ಸಾಕ್ಷ್ಯವನ್ನು ಸುಟ್ಟುಬಿಡುವುದು ಆತನಿಗೆ ಸುಲಭವಾಗಿತ್ತು. ಅಗ್ಗಿಷ್ಟಿಕೆ ಮಗ್ಗುಲಲ್ಲಿಯೇ ಇತ್ತು.

ಕಾರ್ಲೈಲ್ 1881ರ ಫೆಬ್ರುವರಿ 5ರಂದು ಚೇನೀ ರೋ ಮನೆಯಲ್ಲಿ ತೀರಿಕೊಂಡನು. ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಸ್ಥಳ ಕೊಡಲು ಅಧಿಕಾರಿಗಳು ಮುಂದಾದರೂ, ಆತನ ಇಚ್ಛೆಯಂತೆ ಎಕಲ್ಫೆಕನ್ನಿನಲ್ಲಿ ತಾಯಿತಂದೆಗಳ ಮಗ್ಗುಲಲ್ಲಿ ಸಮಾಧಿಯಾಯಿತು. 1883ರಲ್ಲಿ ಜೇನಳ ಕಾಗದಗಳು ಮೂರು ಸಂಪುಟಗಳಲ್ಲಿ ಹೊರಬಂದಾಗ ಫ್ರೂಡನು ಸ್ನೇಹಿತನಿಗೆ ದ್ರೋಹ ಬಗೆದನೆಂದು ಹಲವರು ಕೂಗಿದರು. ಆ ಕಲಹ ಬಹುಕಾಲ ಆರಲಿಲ್ಲ. ಮನೆಯನ್ನು ಸಾರ್ವಜನಿಕರ ವಂತಿಗೆಯಿಂದ ಕೊಂಡು 1895ರಲ್ಲಿ ಸ್ಮಾರಕವನ್ನಾಗಿ ಮಾಡಲಾಯಿತು. 1936ರಲ್ಲಿ ಅದು ನ್ಯಾಷನಲ್ ಟ್ರಸ್ಟಿನ ವಶಕ್ಕೆ ಬಂದಿತು. ಡ್ಯೂಕ್ ಮತ್ತು ಎಡಿನ್‌ಬರೊ ವಿಶ್ವವಿದ್ಯಾಲಯಗಳ ವಿದ್ವಾಂಸರು ಸಂಪಾದಿಸಿದ ಕಾರ್ಲೈಲ್ ಪತ್ರಗಳ ಸಂಪುಟಗಳು 1970ರಿಂದ ಪ್ರಕಟವಾಗತೊಡಗಿದವು. ಅವುಗಳ ಮುಖಪುಟದಲ್ಲಿ ಥಾಮಸನ ಹೆಸರಿನ ಜೊತೆಗೆ ಜೇನಳ ಹೆಸರೂ ಅಚ್ಚಾಗಿದೆ.